ಹಾಸಿಗೆ ಹುಣ್ಣು: ದಾದಿಯ ಅರಿವು, ದಾದಿಯ ಲೆಕ್ಕ

ಆಸ್ಪತ್ರೆಗೆ ಸೇರಿದ ರೋಗಿಯ ಕಾಯಿಲೆ ವಾಸಿಯಾಗುತ್ತ ಬಂದಿರುವಾಗಲೇ ಅವನ ಬೆನ್ನ ಹಿಂದೆ ಇನ್ನೊಂದು ಕಾಯಿಲೆ ಹುಟ್ಟಿಕೊಳ್ಳುವುದುಂಟು. ‘ಬೆನ್ನ ಹಿಂದೆ’ ಎಂಬ ಮಾತನ್ನು ಇಲ್ಲಿ ಅಲಂಕಾರಕ್ಕಾಗಿ ಹೇಳಿದ್ದಲ್ಲ. ಸೊಂಟದ ಮೂಳೆ ಮುರಿದು ಮಲಗಿದ ಅಜ್ಜಿಯನ್ನೋ ಪಾರ್ಶ್ವವಾಯುವಿನಿಂದ ಒಂದು ಮಗ್ಗುಲು ಬಿದ್ದುಹೋದ ಹಿರಿಯರನ್ನೋ ನೋಡಲು ಹೋದಾಗ ನಾವೇನು ಮಾಡುತ್ತೇವೆ? ಮುಖ ನೋಡುತ್ತೇವೆ, ಜ್ವರ ಎಷ್ಟಿದೆಯೆಂದು ಕೇಳುತ್ತೇವೆ, ಗಂಜಿ ಕುಡಿದರೇ ಎಂದು ವಿಚಾರಿಸುತ್ತೇವೆ, ಕಿತ್ತಲೆಹಣ್ಣು ಇಟ್ಟು ಬರುತ್ತೇವೆ. ಬೆನ್ನನ್ನು ಮಾತ್ರ ನಾವು ಯಾರೂ ನೋಡುವುದಿಲ್ಲ. ಅದನ್ನು ನೋಡಬೇಕಾದವರು ದಾದಿಯರು. ಅವರು ನೋಡದೆ ಹೋದರೆ ಟೊಂಕದ ಕೆಳಗಿನ ಒಂದು ಕೆಂಪು ಕಲೆ ಕೆಲವೇ ದಿನಗಳಲ್ಲಿ ಮೂಳೆ ಕಾಣಿಸುವಷ್ಟು ಆಳದ ಹುಣ್ಣಾಗಬಹುದು. ಅದು ಮಾಯಲು ತಿಂಗಳುಗಳೇ ಹಿಡಿಯಬಹುದು. ನಂಜೇರಿದರೆ ಪ್ರಾಣಕ್ಕೇ ಸಂಚಕಾರ.

ಇದಕ್ಕೆ ನಮ್ಮಲ್ಲಿ ಹಾಸಿಗೆ ಹುಣ್ಣು ಎನ್ನುತ್ತಾರೆ. ಹೆಸರು ಸ್ವಲ್ಪ ತಪ್ಪುದಾರಿ ಹಿಡಿಸುವಂಥದು. ತಪ್ಪು ಹಾಸಿಗೆಯದಲ್ಲ, ಒತ್ತಡದ್ದು. ಗಾಲಿಕುರ್ಚಿಯಲ್ಲಿ ಇಡೀ ದಿನ ಕುಳಿತವರಿಗೂ ಇದು ಬರುತ್ತದೆ. ಆಮ್ಲಜನಕದ ನಳಿಕೆ ಬಿಗಿಯಾಗಿ ಕುಳಿತ ಕಿವಿಯ ಹಿಂದೆಯೂ ಬರುತ್ತದೆ. ಆದ್ದರಿಂದಲೇ ವೈದ್ಯರು ಇದನ್ನು ಒತ್ತಡದ ಹುಣ್ಣು ಎಂದು ಕರೆಯುತ್ತಾರೆ.

ಒತ್ತಡದಿಂದ ಹುಣ್ಣಾಗುವುದು ಹೇಗೆ? ತೋಳಿಗೆ ಪಟ್ಟಿ ಕಟ್ಟಿ ವೈದ್ಯರು ‘ನೂರಿಪ್ಪತ್ತು’ ಎಂದು ಹೇಳುವ ರಕ್ತದೊತ್ತಡ ದೊಡ್ಡ ಧಮನಿಯದು. ಚರ್ಮಕ್ಕೂ ಮಾಂಸಕ್ಕೂ ಅನ್ನ ನೀರು ತಲುಪಿಸುವ, ಕೂದಲಿಗಿಂತ ಸೂಕ್ಷ್ಮವಾದ ಲೋಮನಾಳಗಳನ್ನು ಸೇರುವ ಹೊತ್ತಿಗೆ ಆ ಒತ್ತಡ ಬಹಳ ಇಳಿದಿರುತ್ತದೆ. ೧೯೩೦ರಲ್ಲಿ ಯೂಜೀನ್ ಲ್ಯಾಂಡಿಸ್ ಎಂಬ ವಿಜ್ಞಾನಿ ಬೆರಳಿನ ಉಗುರಿನ ಬುಡದಲ್ಲಿ ಅದನ್ನು ಅಳೆದಾಗ, ರಕ್ತ ಒಳಬರುವ ತುದಿಯಲ್ಲಿ ಸರಾಸರಿ ಪಾದರಸದ ೩೨ ಮಿಲಿಮೀಟರಿನಷ್ಟು ಕಂಡುಬಂದಿತು. ಈ ಅಂಕಿ ಎಲ್ಲರ ಮೈಗೂ ಹೊಂದುವ ಲಕ್ಷ್ಮಣರೇಖೆಯಲ್ಲ. ಆದರೂ ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿದವರ ಟೊಂಕದ ಮೂಳೆಯ ಕೆಳಗೂ ಹಿಮ್ಮಡಿಯ ಕೆಳಗೂ ಬೀಳುವ ಭಾರ ಇದನ್ನು ಸುಲಭವಾಗಿ ಮೀರುತ್ತದೆ. ಮೇಲೆ ಮೂಳೆ, ಕೆಳಗೆ ಹಾಸಿಗೆ, ನಡುವೆ ಸಿಕ್ಕಿಬಿದ್ದ ಮಾಂಸ. ನೀರು ಹರಿಯುವ ರಬ್ಬರ್ ಕೊಳವೆಯನ್ನು ಕಾಲಿನಿಂದ ಮೆಟ್ಟಿ ನಿಂತಂತೆ ಅಲ್ಲಿ ರಕ್ತ ನಿಂತುಹೋಗುತ್ತದೆ. ಅದರ ಜೊತೆಗೆ ಅಮುಕಿ ಎಳೆದ ರಭಸಕ್ಕೆ ಜೀವಕೋಶಗಳೇ ನಜ್ಜಾಗುತ್ತವೆ. ಚರ್ಮಕ್ಕಿಂತ ಸ್ನಾಯು ಮೆದು. ಆದ್ದರಿಂದ ಅನೇಕ ವೇಳೆ ಹಾನಿ ಮೂಳೆಯ ಹತ್ತಿರ, ಒಳಗೇ ಮೊದಲಾಗುತ್ತದೆ. ಮೇಲೆ ಕಾಣುವುದು ಒಂದು ಬಿಲ್ಲೆಯಷ್ಟು ಕಲೆ. ಒಳಗೆ ಅಂಗೈಯಗಲ ಹಾಳಾಗಿರಬಹುದು.

ಹಾಗಾದರೆ ರಾತ್ರಿಯೆಲ್ಲ ಮಲಗಿ ಏಳುವ ನಮಗೆ ನಿಮಗೆ ಹುಣ್ಣಾಗುವುದಿಲ್ಲವೇಕೆ? ಏಕೆಂದರೆ ನಾವು ನಿದ್ದೆಯಲ್ಲಿಯೂ ಹೊರಳುತ್ತೇವೆ. ಮಾಂಸಕ್ಕೆ ಉಸಿರು ಕಟ್ಟಿದೊಡನೆ ನರಗಳು ದೂರು ಕೊಡುತ್ತವೆ, ಮಿದುಳು ಆಜ್ಞೆ ಕೊಡುತ್ತದೆ, ಮೈ ಮಗ್ಗುಲಾಗುತ್ತದೆ. ನಮಗೆ ಎಚ್ಚರವೇ ಆಗುವುದಿಲ್ಲ. ದೂರು ಕೊಡುವ ನರ, ಆಜ್ಞೆ ಕೊಡುವ ಮಿದುಳು, ನಡೆಸಿಕೊಡುವ ಸ್ನಾಯು, ಈ ಮೂರರಲ್ಲಿ ಒಂದು ಕೈಕೊಟ್ಟರೂ ಹುಣ್ಣಿಗೆ ಬಾಗಿಲು ತೆರೆದಂತೆ. ಆಗ ಆ ಕೆಲಸವನ್ನು ಇನ್ನೊಬ್ಬರ ಕೈಗಳು ವಹಿಸಿಕೊಳ್ಳಬೇಕು. ಆ ಕೈಗಳು ಯಾರವು, ಎಷ್ಟು ಹೊತ್ತಿಗೊಮ್ಮೆ ಬರಬೇಕು, ಯಾರ ಬಳಿಗೆ ಮೊದಲು ಬರಬೇಕು ಎಂಬುದೇ ಈ ಲೇಖನದ ಪ್ರಶ್ನೆ.

ಈ ಹುಣ್ಣಿನ ಬಗ್ಗೆ ೧೯ನೆಯ ಶತಮಾನದಲ್ಲಿ ಎರಡು ಅಭಿಪ್ರಾಯಗಳಿದ್ದುವು. ಪ್ಯಾರಿಸ್ಸಿನ ಪ್ರಸಿದ್ಧ ನರರೋಗತಜ್ಞ ಶಾರ್ಕೊ, ಮಿದುಳಿಗೋ ಬೆನ್ನುಹುರಿಗೋ ಪೆಟ್ಟು ಬಿದ್ದುದರಿಂದಲೇ ಹುಣ್ಣು ನೇರವಾಗಿ ಹುಟ್ಟುತ್ತದೆ, ಅದು ಸಾವಿನ ಮುನ್ಸೂಚನೆ ಎಂದು ಬಗೆದನು. ಎಂದರೆ ಹಣೆಬರಹ, ಯಾರೂ ತಪ್ಪಿಸಲಾರರು. ಇತ್ತ ಇಂಗ್ಲೆಂಡಿನಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ೧೮೫೯ರಲ್ಲಿ ತಾನು ಬರೆದ ಶುಶ್ರೂಷೆಯ ಪುಸ್ತಕದಲ್ಲಿ ಇದಕ್ಕೆ ತೀರ ವಿರುದ್ಧವಾದುದನ್ನು ಹೇಳಿದಳು. ರೋಗಿಗೆ ಹುಣ್ಣಾದರೆ ಅದು ಸಾಮಾನ್ಯವಾಗಿ ರೋಗದ ತಪ್ಪಲ್ಲ, ಶುಶ್ರೂಷೆಯ ತಪ್ಪು ಎಂಬುದು ಅವಳ ಮತ. ಒಬ್ಬರು ವಿಧಿಯ ಮೇಲೆ ಹಾಕಿದರು, ಇನ್ನೊಬ್ಬರು ದಾದಿಯ ಮೇಲೆ ಹಾಕಿದರು. ಬಹುಕಾಲದವರೆಗೆ ಆಸ್ಪತ್ರೆಗಳು ಈ ಎರಡರ ನಡುವೆ ತೂಗಾಡುತ್ತಿದ್ದುವು.

ವಿಧಿಯ ವಾದವನ್ನು ಉರುಳಿಸಿದವರಲ್ಲಿ ಇಬ್ಬರನ್ನು ನೆನೆಯೋಣ. ಮೊದಲನೆಯವರು ಲುಡ್ವಿಗ್ ಗುಟ್‌ಮನ್. ನಾಜಿ ಜರ್ಮನಿಯಿಂದ ೧೯೩೯ರಲ್ಲಿ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದ ಯಹೂದಿ ವೈದ್ಯರು ಇವರು. ೧೯೪೪ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ, ಬೆನ್ನುಹುರಿ ತುಂಡಾದ ಸೈನಿಕರ ವಿಭಾಗವನ್ನು ಅವರಿಗೆ ವಹಿಸಲಾಯಿತು. ಅಂಥ ಗಾಯಾಳುಗಳಲ್ಲಿ ಹೆಚ್ಚಿನವರು ಅದುವರೆಗೆ ಹುಣ್ಣಿನ ನಂಜಿನಿಂದಲೋ ಮೂತ್ರದ ಸೋಂಕಿನಿಂದಲೋ ಬಹುಬೇಗ ತೀರಿಕೊಳ್ಳುತ್ತಿದ್ದರು. ಹಗಲಿರುಳು ಎರಡು ಗಂಟೆಗೊಮ್ಮೆ ಪ್ರತಿಯೊಬ್ಬನನ್ನೂ ಮಗ್ಗುಲು ತಿರುಗಿಸಲೇಬೇಕೆಂದು ಗುಟ್‌ಮನ್ ಕಟ್ಟುನಿಟ್ಟು ಮಾಡಿದರು. ಸಾಯಲೆಂದು ಬಂದವರು ಬದುಕಿದರು; ಬದುಕಿದ್ದಷ್ಟೇ ಅಲ್ಲ, ೧೯೪೮ರಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುಬಾಣದ ಪಂದ್ಯವಾಡಿದರು. ಇಂದಿನ ಪ್ಯಾರಾಲಿಂಪಿಕ್ ಕ್ರೀಡೆಗಳ ಬೇರು ಅಲ್ಲಿದೆ.

ಎರಡನೆಯವರು ನಮ್ಮ ನೆರೆಯವರೇ. ತಮಿಳುನಾಡಿನ ಕೊಲ್ಲಿಮಲೆಯಲ್ಲಿ ೧೯೧೪ರಲ್ಲಿ ಹುಟ್ಟಿ, ೧೯೪೬ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್. ಕುಷ್ಠರೋಗಿಗಳ ಅಂಗಾಲಿನ ಹುಣ್ಣುಗಳು ರೋಗದಿಂದ ತಾವಾಗಿ ಹುಟ್ಟುವುದಿಲ್ಲ, ನೋವು ತಿಳಿಯದ ಕಾಲಿನ ಮೇಲೆ ಮತ್ತೆ ಮತ್ತೆ ಭಾರ ಹಾಕುವುದರಿಂದ ಆಗುತ್ತವೆ ಎಂದು ಅವರು ತೋರಿಸಿಕೊಟ್ಟರು. ಆ ಭಾರವನ್ನು ತಪ್ಪಿಸಿದರೆ ಹುಣ್ಣು ಮಾಯುತ್ತಿತ್ತು. ನರ ಸತ್ತರೆ ಹುಣ್ಣು ಕಟ್ಟಿಟ್ಟದ್ದು ಎಂಬ ಮಾತು ಹೀಗೆ ಸುಳ್ಳಾಯಿತು.

ಹೀಗೆ ತಡೆಯಬಹುದು ಎಂಬುದೇನೋ ಖಚಿತವಾಯಿತು. ಆದರೆ ಒಂದು ಸಾಮಾನ್ಯ ವಾರ್ಡಿನ ಲೆಕ್ಕವನ್ನು ಹಾಕಿ ನೋಡಿ. ಮೂವತ್ತು ಮಂಚಗಳಿವೆ ಎನ್ನೋಣ. ಎಲ್ಲರನ್ನೂ ಎರಡು ಗಂಟೆಗೊಮ್ಮೆ ತಿರುಗಿಸಿದರೆ ದಿನಕ್ಕೆ ೩೬೦ ಬಾರಿ ಆಯಿತು. ಒಮ್ಮೆ ತಿರುಗಿಸಲು ಇಬ್ಬರು ಬೇಕು, ಐದು ನಿಮಿಷ ಬೇಕು. ಇಬ್ಬರದೂ ಸೇರಿ ೬೦ ಗಂಟೆಗಳ ದುಡಿಮೆ. ಎಂಟು ಗಂಟೆಯ ಪಾಳಿಯಂತೆ ಏಳೂವರೆ ಜನ ಬೇರೇನನ್ನೂ ಮಾಡದೆ ಇದನ್ನೇ ಮಾಡುತ್ತಿರಬೇಕು! ರಾತ್ರಿ ಪಾಳಿಯಲ್ಲಿ ಒಬ್ಬಳೋ ಇಬ್ಬರೋ ದಾದಿಯರಿರುವ ವಾರ್ಡಿನಲ್ಲಿ ಇದು ಆಗುವ ಮಾತೇ? ಆದರೆ ಆ ಮೂವತ್ತರಲ್ಲಿ ನಿಜವಾಗಿ ಅಪಾಯದಲ್ಲಿರುವವರು ಆರು ಮಂದಿ ಎಂದು ಮೊದಲೇ ಗೊತ್ತಾದರೆ? ಆಗ ೭೨ ಬಾರಿ, ಇಬ್ಬರದೂ ಸೇರಿ ೧೨ ಗಂಟೆ. ಇದು ಕಷ್ಟವಾದರೂ ಮಾಡಬಹುದಾದ ಕೆಲಸ. ಆ ಆರು ಮಂದಿ ಯಾರು ಎಂದು ಹುಣ್ಣಾಗುವ ಮೊದಲೇ ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವಳು ಒಬ್ಬ ದಾದಿ.

ಅವಳ ಹೆಸರು ಡೊರೀನ್ ನಾರ್ಟನ್. ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ವೃದ್ಧರ ಶುಶ್ರೂಷೆಯನ್ನು ಕುರಿತು ಮೆಕ್‌ಲಾರೆನ್ ಮತ್ತು ವೈದ್ಯ ಎಕ್ಸ್‌ಟನ್ ಸ್ಮಿತ್ ಅವರೊಡನೆ ಸಂಶೋಧನೆ ನಡೆಸಿ ೧೯೬೨ರಲ್ಲಿ ಅದರ ವರದಿಯನ್ನು ಪ್ರಕಟಿಸಿದಳು. ಚರ್ಮಕ್ಕೆ ಇದನ್ನು ಹಚ್ಚಿದರೆ ಒಳ್ಳೆಯದು, ಅದನ್ನು ಹಚ್ಚಿದರೆ ಒಳ್ಳೆಯದು ಎಂದು ಆ ಕಾಲದಲ್ಲಿ ಒಂದೊಂದು ವಾರ್ಡಿಗೂ ಒಂದೊಂದು ನಂಬಿಕೆ. ಸೋಪು ನೀರು, ಸ್ಪಿರಿಟ್ಟು, ಪುಡಿ, ಮುಲಾಮು, ಕೊನೆಗೆ ಕೋಳಿಮೊಟ್ಟೆಯ ಬಿಳಿಯ ಲೋಳೆ ಕೂಡ! ನಾರ್ಟನ್ ಕಂಡುಕೊಂಡದ್ದೇನೆಂದರೆ, ಹುಣ್ಣನ್ನು ತಡೆಯುವುದು ಹಚ್ಚುವ ವಸ್ತುವಲ್ಲ, ಹಚ್ಚುವ ನೆಪದಲ್ಲಿ ರೋಗಿಯನ್ನು ತಿರುಗಿಸುತ್ತಾರಲ್ಲ, ಅದು.

ಯಾರನ್ನು ತಿರುಗಿಸಬೇಕೆಂದು ಗೊತ್ತುಮಾಡಲು ಅವಳು ಶಾಲೆಯ ಪರೀಕ್ಷೆಯಂತೆ ಅಂಕ ಕೊಡುವ ಕ್ರಮವನ್ನು ತಂದಳು. ವಿಷಯಗಳು ಐದು: ಮೈಯ ಸ್ಥಿತಿ, ಮನಸ್ಸಿನ ಎಚ್ಚರ, ನಡೆದಾಟ, ಮಂಚದಲ್ಲಿಯೇ ಹೊರಳುವ ಶಕ್ತಿ, ಮಲಮೂತ್ರಗಳ ಹತೋಟಿ. ಒಂದೊಂದಕ್ಕೂ ೪ರಿಂದ ೧ರವರೆಗೆ ಅಂಕ. ಎಲ್ಲ ಸರಿಯಾಗಿದ್ದರೆ ೨೦. ತೀರ ಕೆಟ್ಟಿದ್ದರೆ ೫. ೧೪ ಅಥವಾ ಅದಕ್ಕಿಂತ ಕಡಮೆ ಬಂದವರು ಅಪಾಯದಲ್ಲಿದ್ದಾರೆಂದು ತಿಳಿಯಬೇಕು.

ಒಂದು ಉದಾಹರಣೆ ನೋಡೋಣ. ಸೊಂಟ ಮುರಿದ ಎಂಬತ್ತರ ಅಜ್ಜಿ. ಮೈ ಪರವಾಗಿಲ್ಲ, ೩. ಮಾತು ಬುದ್ಧಿ ಚುರುಕು, ೪. ಮಂಚ ಬಿಟ್ಟು ಏಳುವಂತಿಲ್ಲ, ೧. ಹೊರಳುವುದು ಬಹಳ ಕಷ್ಟ, ೨. ಅಪರೂಪಕ್ಕೊಮ್ಮೆ ಬಟ್ಟೆ ಒದ್ದೆಯಾಗುತ್ತದೆ, ೩. ಒಟ್ಟು ೧೩. ಚೆನ್ನಾಗಿ ಮಾತನಾಡುತ್ತಿದ್ದಾರೆ, ನಗುತ್ತಿದ್ದಾರೆ. ನೋಡಲು ಹೋದ ನಮಗೆ ಯಾವ ಅಪಾಯವೂ ಕಾಣದು. ಅಂಕ ಮಾತ್ರ ಎಚ್ಚರಿಸುತ್ತದೆ. ಮೂರನೆಯ ದಿನ ಜ್ವರ ಬಂದು, ಬುದ್ಧಿ ಮಂಕಾಗಿ, ಹಾಸಿಗೆ ಪದೇ ಪದೇ ಒದ್ದೆಯಾಗತೊಡಗಿದರೆ ಅದೇ ಅಂಕ ೯ಕ್ಕೆ ಇಳಿಯಬಹುದು. ಆದ್ದರಿಂದ ಸೇರಿದ ದಿನ ಒಮ್ಮೆ ಬರೆದು ಮಡಿಚಿಟ್ಟರೆ ಸಾಲದು. ಸ್ಥಿತಿ ಬದಲಾದಾಗಲೆಲ್ಲ ಲೆಕ್ಕವನ್ನು ಮತ್ತೆ ಹಾಕಬೇಕು.

ನಾರ್ಟನ್ ಹಾಕಿದ ದಾರಿಯಲ್ಲಿ ಇತರರೂ ನಡೆದರು. ೧೯೮೫ರಲ್ಲಿ ಇಂಗ್ಲೆಂಡಿನಲ್ಲಿ ಜೂಡಿ ವಾಟರ್‌ಲೋ ಒಂದು ಪಟ್ಟಿಯನ್ನು ಮಾಡಿದಳು. ೧೯೮೭ರಲ್ಲಿ ಅಮೆರಿಕದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಪ್ರಕಟಿಸಿದ ಪಟ್ಟಿ ಇಂದು ಜಗತ್ತಿನ ಅನೇಕ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಆರು ವಿಷಯ: ಸ್ಪರ್ಶದ ಅರಿವು, ತೇವ, ನಡೆದಾಟ, ಹೊರಳಾಟ, ಆಹಾರ, ಚರ್ಮದ ಉಜ್ಜಾಟ ಮತ್ತು ಎಳೆತ. ಪೂರ್ಣಾಂಕ ೨೩, ೧೮ ಅಥವಾ ಅದಕ್ಕಿಂತ ಕೆಳಗಿಳಿದರೆ ಎಚ್ಚರಿಕೆ. ನಾರ್ಟನ್ನಳ ಪಟ್ಟಿಯಲ್ಲಿ ಪ್ರತ್ಯೇಕವಾಗಿರದಿದ್ದ ಊಟ ಇಲ್ಲಿ ಸೇರಿದೆಯೆಂಬುದನ್ನು ಗಮನಿಸಿ. ಸರಿಯಾಗಿ ಉಣ್ಣದ ಮೈ ಒತ್ತಡವನ್ನು ತಾಳಲಾರದು.

ಇಲ್ಲಿಯವರೆಗೆ ಕಥೆ ನೇರವಾಗಿದೆ. ಕಾರಣ ಗೊತ್ತಾಯಿತು, ಉಪಾಯ ಗೊತ್ತಾಯಿತು, ಅಂಕದ ಪಟ್ಟಿಯೂ ಸಿಕ್ಕಿತು. ಹಾಗಿದ್ದೂ ಹುಣ್ಣುಗಳು ಏಕೆ ನಿಂತಿಲ್ಲ? ದಾದಿಯರಿಗೆ ತಿಳಿವಳಿಕೆ ಸಾಲದೇನೋ ಎಂದು ಅನೇಕ ದೇಶಗಳಲ್ಲಿ ಅವರನ್ನೇ ಪರೀಕ್ಷೆಗೆ ಕೂರಿಸಿದರು. ಬೆಲ್ಜಿಯಂ ದೇಶದ ೧೪ ಆಸ್ಪತ್ರೆಗಳಲ್ಲಿ ೫೫೩ ದಾದಿಯರನ್ನು ಹೀಗೆ ಪರೀಕ್ಷಿಸಿದ ಅಧ್ಯಯನವೊಂದು ೨೦೧೧ರಲ್ಲಿ ಪ್ರಕಟವಾಯಿತು. ಅವರು ಪಡೆದ ಸರಾಸರಿ ಅಂಕ ನೂರಕ್ಕೆ ಐವತ್ತರಷ್ಟೂ ಪೂರ್ತಿ ಇರಲಿಲ್ಲ. ಅಪಾಯದಲ್ಲಿದ್ದ ರೋಗಿಗಳಲ್ಲಿ ಮಂಚದಲ್ಲಿಯೂ ಕುರ್ಚಿಯಲ್ಲಿಯೂ ಪೂರ್ಣವಾದ ರಕ್ಷಣೆ ಸಿಕ್ಕಿದ್ದು ನೂರಕ್ಕೆ ಸುಮಾರು ೧೪ ಮಂದಿಗೆ ಮಾತ್ರ.

ಆ ಅಧ್ಯಯನದ ಇನ್ನೊಂದು ಮಾತು ಇದಕ್ಕಿಂತ ಯೋಚಿಸತಕ್ಕದ್ದು. ಹೆಚ್ಚು ಅಂಕ ಪಡೆದ ದಾದಿಯರ ವಾರ್ಡಿನಲ್ಲಿ ರೋಗಿಗಳಿಗೆ ಹೆಚ್ಚು ರಕ್ಷಣೆ ಸಿಕ್ಕಿತೇ ಎಂದರೆ, ಹಾಗೇನೂ ಕಾಣಲಿಲ್ಲ. ರಕ್ಷಣೆ ಸಿಕ್ಕಿದ್ದು ದಾದಿಯರ ಮನೋಭಾವ ಚೆನ್ನಾಗಿದ್ದ ಕಡೆ. ಎಂದರೆ, ಹುಣ್ಣನ್ನು ತಡೆಯಬಹುದು, ತಡೆಯುವುದು ನನ್ನ ಕೆಲಸ, ಅದು ಸೂಜಿಮದ್ದಿನಷ್ಟೇ ಮುಖ್ಯವಾದ ಕೆಲಸ ಎಂಬ ನಂಬಿಕೆ ಇದ್ದ ಕಡೆ. ‘ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ’ ಎಂಬ ನಮ್ಮ ಗಾದೆ ಬೆಲ್ಜಿಯಂ ದೇಶಕ್ಕೂ ಸಲ್ಲುತ್ತದೆಯೆನ್ನಬೇಕು.

ಅದೇ ೨೦೧೧ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಿಂದ ಮತ್ತೊಂದು ಪ್ರಯೋಗದ ಫಲ ಹೊರಬಂದಿತು. ೧,೨೩೧ ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ವಾಟರ್‌ಲೋ ಪಟ್ಟಿ, ಇನ್ನೊಂದಕ್ಕೆ ಬೇರೊಂದು ಪಟ್ಟಿ, ಮೂರನೆಯದಕ್ಕೆ ಪಟ್ಟಿಯೇ ಇಲ್ಲ, ದಾದಿಯ ಸ್ವಂತ ವಿವೇಚನೆ. ಹುಣ್ಣಾದವರ ಪ್ರಮಾಣ ಮೂರರಲ್ಲಿಯೂ ಹೆಚ್ಚುಕಡಮೆ ಒಂದೇ. ಹಾಗಾದರೆ ಅಂಕದ ಪಟ್ಟಿ ನಿಷ್ಪ್ರಯೋಜಕವೇ? ಹಾಗೆ ತೀರ್ಮಾನಿಸುವುದು ಅವಸರ. ಪಟ್ಟಿ ಹೊಸಬಳಾದ ದಾದಿಗೆ ಏನೇನು ನೋಡಬೇಕೆಂದು ಕಲಿಸುತ್ತದೆ. ಹಗಲು ಪಾಳಿಯವಳು ಕಂಡದ್ದನ್ನು ರಾತ್ರಿ ಪಾಳಿಯವಳಿಗೆ ಒಂದೇ ಅಂಕಿಯಲ್ಲಿ ದಾಟಿಸುತ್ತದೆ. ಇಂದಿನ ಅಂತರರಾಷ್ಟ್ರೀಯ ಮಾರ್ಗಸೂಚಿಗಳೂ ಹೀಗೆಯೇ ಹೇಳುತ್ತವೆ: ಕ್ರಮಬದ್ಧವಾಗಿ ಅಪಾಯವನ್ನು ಅಂದಾಜು ಮಾಡಿ, ಜೊತೆಗೆ ಚರ್ಮವನ್ನು ಕಣ್ಣಿಂದ ನೋಡಿ ಕೈಯಿಂದ ಮುಟ್ಟಿ, ಅದರೊಡನೆ ನಿಮ್ಮ ವಿವೇಚನೆಯನ್ನೂ ಸೇರಿಸಿ. ಆದರೆ ಅಂಕಿ ತಾನಾಗಿ ಯಾರನ್ನೂ ಮಗ್ಗುಲು ತಿರುಗಿಸದು. ಕಾಗದದ ಮೇಲೆ ೧೩ ಎಂದು ಬರೆದು, ಕೆಂಪು ಗೆರೆ ಎಳೆದು, ಕಾಗದವನ್ನು ಮಂಚದ ಕಾಲಿಗೆ ತೂಗುಹಾಕಿ ಹೋದರೆ ಹುಣ್ಣಿಗೆ ಓದು ಬರುವುದಿಲ್ಲ.

ಹಾಗೆಂದು ಅರಿವು ಬೇಡವೆಂದಲ್ಲ. ಹಳೆಯ ಅರಿವು ಕೆಲವೊಮ್ಮೆ ಹಾನಿಯನ್ನೇ ಮಾಡುತ್ತದೆ. ಕೆಂಪಾದ ಜಾಗವನ್ನು ಚೆನ್ನಾಗಿ ತಿಕ್ಕಿದರೆ ರಕ್ತ ಓಡಾಡುತ್ತದೆ ಎಂದು ತಲೆಮಾರುಗಳ ಕಾಲ ದಾದಿಯರಿಗೆ ಕಲಿಸಿದ್ದರು. ತಿಕ್ಕಿದರೆ ಮೊದಲೇ ನೊಂದ ಮಾಂಸ ಇನ್ನಷ್ಟು ಹರಿಯುತ್ತದೆ, ತಿಕ್ಕಬಾರದು. ಉಂಗುರದಂತೆ ನಡುವೆ ತೂತಿರುವ ರಬ್ಬರ್ ದಿಂಬಿನ ಮೇಲೆ ಕೂರಿಸುವ ರೂಢಿಯೂ ಇತ್ತು. ಆ ಉಂಗುರದ ಅಂಚೇ ಸುತ್ತಲೂ ಒತ್ತಿ ರಕ್ತವನ್ನು ತಡೆಯುತ್ತದೆ, ಅದೂ ಬೇಡ. ಎದ್ದು ಕುಳಿತರೆ ಆರಾಮವೆಂದು ಮಂಚದ ತಲೆಯ ಕಡೆಯನ್ನು ಬಹಳ ಎತ್ತರಿಸುತ್ತೇವೆ. ಆಗ ರೋಗಿ ಮೆಲ್ಲಗೆ ಕೆಳಕ್ಕೆ ಜಾರುತ್ತಾನೆ. ಚರ್ಮ ಹಾಸಿಗೆಗೆ ಅಂಟಿಕೊಂಡಿರುತ್ತದೆ, ಮೂಳೆ ಮುಂದಕ್ಕೆ ಸರಿಯುತ್ತದೆ, ನಡುವಿನ ನಾಳಗಳು ತಿರುಚಿಕೊಳ್ಳುತ್ತವೆ. ಊಟದ ಹೊತ್ತನ್ನೂ ವೈದ್ಯರು ಬೇರೆ ಹೇಳಿದ ಸಂದರ್ಭವನ್ನೂ ಬಿಟ್ಟರೆ ೩೦ ಡಿಗ್ರಿಗಿಂತ ಹೆಚ್ಚು ಎತ್ತರಿಸದಿರುವುದು ಮೇಲು.

ನಮ್ಮ ದೇಶದವರಿಗೆ ಮುಖ್ಯವಾದ ಇನ್ನೊಂದು ವಿಷಯವಿದೆ. ಹುಣ್ಣಿನ ಮೊದಲ ಗುರುತು ಕೆಂಪು ಕಲೆ ಎಂದು ಪುಸ್ತಕಗಳಲ್ಲಿ ಓದುತ್ತೇವೆ. ಕಲೆಯನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಕೆಂಪಾಗಿಯೇ ಉಳಿದರೆ ಹಾನಿ ಆರಂಭವಾಗಿದೆ. ಇದು ಬಿಳಿಯ ಚರ್ಮದವರನ್ನು ನೋಡಿ ಬರೆದ ಲಕ್ಷಣ. ಎಣ್ಣೆಗೆಂಪು, ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣಿಸದೆ ಹೋಗಬಹುದು. ಕಲೆ ನೇರಳೆಯಾಗಿಯೋ ಇನ್ನಷ್ಟು ಕಪ್ಪಾಗಿಯೋ ತೋರಬಹುದು. ಅಲ್ಲಿ ಕಣ್ಣಿಗಿಂತ ಕೈ ದೊಡ್ಡದು. ಪಕ್ಕದ ಚರ್ಮಕ್ಕೆ ಹೋಲಿಸಿದರೆ ಆ ಜಾಗ ಬೆಚ್ಚಗಿದೆಯೇ ತಣ್ಣಗಿದೆಯೇ, ಗಟ್ಟಿಯಾಗಿದೆಯೇ ಮೆತ್ತಗಾಗಿದೆಯೇ, ಮುಟ್ಟಿದರೆ ನೋವೆನ್ನುತ್ತಾರೆಯೇ ಎಂದು ನೋಡಬೇಕು. ಅಂಥ ಗುರುತು ಕಂಡರೆ ಆ ಮಗ್ಗುಲಿನ ಮೇಲೆ ಮಲಗಿಸದೆ ದಾದಿಗೆ ಕೂಡಲೇ ತಿಳಿಸಬೇಕು.

ಈಗ ನಿಮ್ಮ ಪಾಲಿನ ಕೆಲಸಕ್ಕೆ ಬರೋಣ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಬಳಿ ಮನೆಯವರೊಬ್ಬರು ಇದ್ದೇ ಇರುತ್ತಾರೆ. ಇದೊಂದು ದೊಡ್ಡ ಬಲ. ನಿಮ್ಮವರು ಹಾಸಿಗೆ ಹಿಡಿದು ಆಸ್ಪತ್ರೆ ಸೇರಿದರೆ ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳಿ. ಇವರಿಗೆ ಹುಣ್ಣಿನ ಅಪಾಯ ಎಷ್ಟೆಂದು ಲೆಕ್ಕ ಹಾಕಿದ್ದೀರಾ? ಎಷ್ಟು ಹೊತ್ತಿಗೊಮ್ಮೆ ತಿರುಗಿಸಬೇಕು, ಯಾವ ಮಗ್ಗುಲಿಗೆ? ನಾವು ಹೇಗೆ ಕೈಜೋಡಿಸಬಹುದು? ಈ ಪ್ರಶ್ನೆಗಳನ್ನು ದೂರಿನ ದನಿಯಲ್ಲಿ ಕೇಳಬೇಡಿ. ಮೂವತ್ತು ಮಂಚಗಳ ಲೆಕ್ಕವನ್ನು ಈಗಾಗಲೇ ನೋಡಿದಿರಿ. ದಾದಿಗೆ ಬೇಕಾದುದು ಗದರಿಕೆಯಲ್ಲ, ಎರಡು ಕೈಗಳು. ಆದರೆ ಬೆನ್ನುಮೂಳೆಗೋ ಸೊಂಟಕ್ಕೋ ಪೆಟ್ಟು ಬಿದ್ದವರನ್ನು ದಾದಿಯ ಮಾತಿಲ್ಲದೆ ನೀವಾಗಿ ತಿರುಗಿಸಲು ಹೋಗಬೇಡಿ.

ರೋಗಿ ಮನೆಗೆ ಬಂದ ಮೇಲೆ ದಾದಿಯ ಕೆಲಸ ನಿಮ್ಮದಾಗುತ್ತದೆ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು ಸ್ವಲ್ಪವೇ ಓರೆಯಾಗಿ, ಸುಮಾರು ೩೦ ಡಿಗ್ರಿಯಷ್ಟು ಮಲಗಿಸಿ. ಮೀನಖಂಡದ ಕೆಳಗೆ ದಿಂಬಿಟ್ಟರೆ ಹಿಮ್ಮಡಿ ಹಾಸಿಗೆಯನ್ನು ಮುಟ್ಟದೆ ಮೇಲಿರುತ್ತದೆ. ಸರಿಸುವಾಗ ದರದರನೆ ಎಳೆಯದೆ ಇಬ್ಬರು ಸೇರಿ ಎತ್ತಿ ಸರಿಸಿ. ಒದ್ದೆ ಬಟ್ಟೆಯನ್ನು ಕೂಡಲೇ ಬದಲಿಸಿ, ಮೆಲ್ಲಗೆ ತೊಳೆದು ಒತ್ತಿ ಒರಸಿ. ಹಾಸಿಗೆ ಬಟ್ಟೆಯ ಸುಕ್ಕು ಬಿಡಿಸಿ. ಬೇಳೆ, ಹಾಲು, ಮೊಸರು, ಒಗ್ಗುವವರಿಗೆ ಮೊಟ್ಟೆ, ಇವುಗಳನ್ನು ವೈದ್ಯರು ಒಪ್ಪಿದಷ್ಟು ಕೊಡಿ. ಸಕ್ಕರೆ ಕಾಯಿಲೆ ಇದ್ದವರಿಗೆ ಎಚ್ಚರ ಇಮ್ಮಡಿಯಾಗಿರಲಿ.

ಎಷ್ಟು ಹೊತ್ತಿಗೊಮ್ಮೆ ತಿರುಗಿಸಬೇಕು? ಗುಟ್‌ಮನ್ ಕಾಲದಿಂದ ಎರಡು ಗಂಟೆಯ ನಿಯಮವಿದೆ. ಒತ್ತಡವನ್ನು ಹಂಚುವ ಒಳ್ಳೆಯ ಫೋಮ್ ಹಾಸಿಗೆ ಇದ್ದರೆ ಮೂರು, ನಾಲ್ಕು ಗಂಟೆಯವರೆಗೆ ಬಿಟ್ಟರೂ ಹುಣ್ಣು ಹೆಚ್ಚಾಗಲಿಲ್ಲವೆಂದು ಅಮೆರಿಕ ಮತ್ತು ಕೆನಡಾದ ವೃದ್ಧರ ಶುಶ್ರೂಷಾಲಯಗಳಲ್ಲಿ ನಡೆದು ೨೦೧೩ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಸಾಧಾರಣ ಹತ್ತಿಯ ಹಾಸಿಗೆಗೆ ಆ ಸಡಿಲಿಕೆ ಸಲ್ಲದು. ಚರ್ಮವನ್ನು ನೋಡಿಕೊಂಡು ವೈದ್ಯರೂ ದಾದಿಯೂ ನಿಮಗೆ ಗೊತ್ತುಮಾಡಿಕೊಟ್ಟ ಹೊತ್ತೇ ಸರಿಯಾದ ಹೊತ್ತು. ಗಡಿಯಾರ ನೋಡಲು ಮರೆಯುವವರಿಗೆ ರೇಡಿಯೋ ನೆರವಾಗಬಲ್ಲದು. ಬೆಳಗಿನ ವಾರ್ತೆಗೊಮ್ಮೆ, ಚಿತ್ರಗೀತೆಗೊಮ್ಮೆ, ಮಧ್ಯಾಹ್ನದ ಕಾರ್ಯಕ್ರಮಕ್ಕೊಮ್ಮೆ ಎಂದು ಗೊತ್ತುಮಾಡಿಕೊಂಡರೆ ಹಗಲಿನ ಸರದಿ ತಪ್ಪದು. ರಾತ್ರಿಗೆ ಎಚ್ಚರದ ಗಂಟೆ ಇಟ್ಟುಕೊಂಡು ಮನೆಯವರು ಪಾಳಿ ಹಂಚಿಕೊಳ್ಳಬೇಕು. ಒಬ್ಬರ ಮೇಲೆಯೇ, ಸಾಮಾನ್ಯವಾಗಿ ಮನೆಯ ಸೊಸೆಯ ಮೇಲೆಯೇ, ಎಲ್ಲವನ್ನೂ ಹೊರಿಸಬಾರದು.

ಎಷ್ಟೇ ಎಚ್ಚರ ವಹಿಸಿದರೂ ಕೆಲವರಲ್ಲಿ, ಮುಖ್ಯವಾಗಿ ಕೊನೆಯ ದಿನಗಳಲ್ಲಿರುವವರಲ್ಲಿ, ಹುಣ್ಣು ಆಗಿಬಿಡುವುದುಂಟು. ಅಂಥಲ್ಲಿ ದಾದಿಯನ್ನಾಗಲಿ ಮನೆಯ ಹೆಣ್ಣುಮಕ್ಕಳನ್ನಾಗಲಿ ದೂಷಿಸುವುದು ನ್ಯಾಯವಲ್ಲ. ಆದರೆ ತಡೆಯಬಹುದಾದ ಹುಣ್ಣುಗಳೇ ಹೆಚ್ಚು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದಂತೆ, ಎರಡು ಕೈಗಳಿಂದ ಐದು ನಿಮಿಷದಲ್ಲಿ ತಪ್ಪಬಹುದಾಗಿದ್ದುದಕ್ಕೆ ಶಸ್ತ್ರಚಿಕಿತ್ಸೆಯವರೆಗೆ ಹೋಗಬೇಕಾಗಿ ಬರುತ್ತದೆ. ಮುಂದಿನ ಸಲ ರೋಗಿಯನ್ನು ನೋಡಲು ಹೋದಾಗ ಕಿತ್ತಲೆಹಣ್ಣನ್ನು ಕೊಡಿ, ಕುಶಲವನ್ನೂ ಕೇಳಿ. ಹೊರಡುವ ಮುನ್ನ, ಮಗ್ಗುಲು ತಿರುಗಿಸಿ ಎಷ್ಟು ಹೊತ್ತಾಯಿತು ಎಂದೂ ಒಂದು ಮಾತು ಕೇಳಿ.